ಹುಲ್ಲು ಗದ್ದೆಯದು, ಬೆಂಕಿಯದಲ್ಲ

ಸಿಂಧನೂರು ತಾಲ್ಲೂಕಿನ ಓದುಗರೊಬ್ಬರ ಪತ್ರ: "ಮಷಿನ್‌ನಲ್ಲಿ ಭತ್ತ ಕೊಯ್ಸಿದ್ದೇವೆ. ಗದ್ದೆ ತುಂಬ ಹುಲ್ಲು ಬಿದ್ದಿದೆ. ಸುತ್ತಲಿನವರೆಲ್ಲ ಬೆಂಕಿ ಹಚ್ಚುತ್ತಿದ್ದಾರೆ. ಬಯೋಚಾರ್ ಚೀಲ ತರಿಸೋಣ ಅಂತ ಮಗ ಹೇಳ್ತಾನೆ. ಏನು ಮಾಡಲಿ?"

ಕಡ್ಡಿ ಗೀರುವ ಮೊದಲು ಪತ್ರ ಬರೆದಿರಲ್ಲ, ಅದಕ್ಕೇ ನಿಮ್ಮ ಮೇಲೆ ಅಭಿಮಾನ. ಸುಡುವವರಿಗೂ ಅವರ ಕಷ್ಟ ಇದೆ, ಒಪ್ಪುತ್ತೇನೆ. ಕಾಲುವೆ ನೀರು ಬರುವುದರೊಳಗೆ ಗದ್ದೆ ಹಸನಾಗಬೇಕು, ಆಳು ಸಿಗಲ್ಲ, ಹುಲ್ಲು ತಿನ್ನಲು ಮನೆಯಲ್ಲಿ ದನವೂ ಉಳಿದಿಲ್ಲ. ಆದರೆ ಸುಟ್ಟರೆ ಏನು ಹೋಗುತ್ತದೆ ಅನ್ನುವ ಲೆಕ್ಕವನ್ನು ರೈತರ ಮುಂದೆ ಯಾರೂ ಬಿಡಿಸಿ ಇಟ್ಟಿಲ್ಲ.

ಒಂದು ಟನ್ ಭತ್ತದ ಹುಲ್ಲಿನಲ್ಲಿ 5ರಿಂದ 8 ಕಿಲೋ ಸಾರಜನಕ, 12ರಿಂದ 17 ಕಿಲೋ ಪೊಟ್ಯಾಸಿಯಂ (ಪೊಟ್ಯಾಷ್ ಗೊಬ್ಬರದ ಸತ್ವ ಇದೇ), 40 ಕಿಲೋಗೂ ಜಾಸ್ತಿ ಸಿಲಿಕಾನ್ ಇರುತ್ತದೆ. ಭತ್ತದ ದಂಟು ಗಟ್ಟಿಯಾಗುವುದು, ಎಲೆ ಸುಟ್ಟಂತೆ ಮಾಡುವ ಬೆಂಕಿ ರೋಗವನ್ನು ತಡೆದುಕೊಳ್ಳುವುದು ಆ ಸಿಲಿಕಾನ್‌ನಿಂದ. ಹುಲ್ಲಿಗೆ ಬೆಂಕಿ ಇಟ್ಟರೆ ಸಾರಜನಕ ಹೆಚ್ಚುಕಡಿಮೆ ಪೂರ್ತಿ ಗಾಳಿಪಾಲು. ಪೊಟ್ಯಾಷ್ ಬಹುಪಾಲು ಬೂದಿಯಲ್ಲಿ ಉಳಿಯುತ್ತದೆ ನಿಜ, ಆದರೆ ಮಷಿನ್ ಹುಲ್ಲು ಬಿಟ್ಟುಹೋದ ಸಾಲಿನಲ್ಲಷ್ಟೇ. ಎಕರೆಗೆ ಎರಡು ಟನ್ ಹುಲ್ಲು ಅಂತ ಹಿಡಿದರೂ ಅದರಲ್ಲಿ 50 ಕಿಲೋದ ಒಂದು ಚೀಲ ಪೊಟ್ಯಾಷ್ ಗೊಬ್ಬರದಷ್ಟು ಸತ್ವ ಇದೆ. ಅದೇ ಗೊಬ್ಬರವನ್ನು ಕೆನಡಾ, ರಷ್ಯಾ ಕಡೆಯಿಂದ ಹಡಗಿನಲ್ಲಿ ತರಿಸುತ್ತೇವೆ.

ಇನ್ನು ನಿಮ್ಮ ಮಗನ ಮಾತು. ಬಯೋಚಾರ್ ಅಂದರೆ ಗಾಳಿ ಸಾಲದಂತೆ ಸುಟ್ಟು ಮಾಡಿದ ಇದ್ದಿಲು. ಹೊಸದೇನಲ್ಲ. ಅಮೆಜಾನ್ ಸೀಮೆಯ ಹಳೆಯ ಜನ ಇದ್ದಿಲು ಬೆರೆಸಿದ ಕಪ್ಪು ಮಣ್ಣು ಇಷ್ಟು ಶತಮಾನ ಕಳೆದರೂ ಫಲವತ್ತಾಗಿದೆ. ಜಪಾನಿನವರು ಭತ್ತದ ಹೊಟ್ಟಿನ ಇದ್ದಿಲನ್ನು ಸಸಿಮಡಿಗೆ ಹಾಕುತ್ತಾ ಬಂದಿದ್ದಾರೆ. ನಮ್ಮ ಕರಾವಳಿಯ ಸುಡುಮಣ್ಣು ಇದರ ದಾಯಾದಿಯೇ. ತರಗೆಲೆ, ಕಸಕಡ್ಡಿಯ ಮೇಲೆ ಮಣ್ಣು ಮುಚ್ಚಿ ನಿಧಾನವಾಗಿ ಬೇಯಿಸುತ್ತಾರೆ. ಉಡುಪಿ ಕಡೆಯ ಅಜ್ಜಿಯೊಬ್ಬರು ಅದನ್ನು ತೋರಿಸುತ್ತಾ, ಹೊಗೆ ಕಾಣಬೇಕು, ಉರಿ ಕಾಣಬಾರದು ಅಂದಿದ್ದರು. ಗಾಳಿ ಸಾಲದಂತೆ ಸುಡಬೇಕು ಅನ್ನುವ ತತ್ವವೇ ಅದು.

ಆದರೆ ಯಜಮಾನರೇ, ಚೀಲದ ವಿಚಾರ ಮಾಡುವ ಮೊದಲು ಮಣ್ಣು ಪರೀಕ್ಷೆ ಮಾಡಿಸಬೇಕಿತ್ತು ಅಲ್ವಾ? ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ಬಯೋಚಾರ್ ಸಾಮಾನ್ಯವಾಗಿ ಕ್ಷಾರ ಗುಣದ್ದು, ಅಂದರೆ ಹುಳಿಗೆ ವಿರುದ್ಧ. ಮಲೆನಾಡು, ಕರಾವಳಿಯ ಹುಳಿ ಮಣ್ಣಿಗೆ ಹೇಳಿ ಮಾಡಿಸಿದ್ದು. ನಿಮ್ಮ ತುಂಗಭದ್ರಾ ಎಡದಂಡೆಯ ಎರೆ ಭೂಮಿ ಮೊದಲೇ ಕ್ಷಾರ, ಎಷ್ಟೋ ಕಡೆ ಉಪ್ಪೇರಿದ ಸವಳು. ಅಲ್ಲಿ ದುಡ್ಡು ಕೊಟ್ಟು ತಂದು ಸುರಿಯಬೇಡಿ. ಮಗನಿಗೆ ಆಸೆ ಇದ್ದರೆ ಗುಂಡಿ ತೋಡಿ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಸುಡಲಿ. ಮೇಲೆ ಬೂದಿ ಕಟ್ಟುವ ಮೊದಲೇ ನೀರು ಹೊಯ್ದು ಆರಿಸಿ, ಸಗಣಿ ಗಂಜಲದಲ್ಲಿ ನೆನೆಸಿ, ಸಸಿಮಡಿಯ ಒಂದು ಮೂಲೆಗೆ ಹಾಕಿ ನೋಡಲಿ.

ಹುಲ್ಲನ್ನು ಮಾತ್ರ ಗದ್ದೆಗೇ ಕೊಡಿ. ನಾಟಿಗೆ ಮೂರು ವಾರ ಮೊದಲು ಹರಡಿ, ತೇವ ಮಾಡಿ, ರೋಟವೇಟರ್ ಹೊಡೆಸಿ. ಹಸಿ ಹುಲ್ಲು ಮುಳುಗಿಸಿ ತಕ್ಷಣ ನಾಟಿ ಮಾಡಿದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳೇ ಸಾರಜನಕ ಹೀರಿಕೊಂಡು ಸಸಿ ಹಳದಿಯಾಗುತ್ತದೆ, ಕೆಸರಿನಿಂದ ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲದ ಗುಳ್ಳೆಯೂ ಜಾಸ್ತಿ ಏಳುತ್ತದೆ. ಸಮಯ ಸಾಲದಿದ್ದರೆ ಅರ್ಧ ಹುಲ್ಲನ್ನು ಬದುವಿನ ಮೇಲೆ ಒಟ್ಟಿ, ಸಗಣಿ ನೀರು ಚಿಮುಕಿಸಿ ಕಾಂಪೋಸ್ಟ್ ಮಾಡಿ.

ನನಗೆ ಸಿಟ್ಟು ಬರುವುದು ಬೇರೆ ಮಾತಿಗೆ. ಕಾಳಿಗೆ ಬೆಂಬಲ ಬೆಲೆ ಇದೆ, ಹುಲ್ಲಿಗೆ ಬೆಲೆ ಕಟ್ಟುವವರೇ ಇಲ್ಲ. ಸುಡಬೇಡಿ ಅಂತ ಉಪದೇಶ ಹೇಳುವವರು ಬೇಕಾದಷ್ಟು ಜನ, ಹುಲ್ಲು ಕತ್ತರಿಸಿ ಹರಡುವ ಯಂತ್ರ ಕೊಯ್ಲಿನ ವಾರ ಬೇಕು ಅಂದರೆ ಸಿಗಲ್ಲ. ಸಂಶೋಧನೆಯೆಲ್ಲ ಇಂಗ್ಲಿಷ್ ವರದಿಗಳಲ್ಲಿ ಕುಳಿತಿದೆ, ಊರಿಗೆ ಬರುವುದು ಮಾರಾಟಗಾರರ ವಿಡಿಯೋ ಮಾತ್ರ. ಮುಂದಿನ ಸುಗ್ಗಿಗೆ ಮಷಿನ್ ಮಾತಾಡುವಾಗ, ಹುಲ್ಲು ಹರಡುವ ಸಾಧನ ಹಾಕಿಸಿಕೊಂಡೇ ಬಾ ಅಂತ ನೀವೂ ಅಕ್ಕಪಕ್ಕದವರೂ ಕೂಡಿ ಹೇಳಿ. ಗಂಟೆ ಲೆಕ್ಕದ ಬಾಡಿಗೆ ಕೊಡುವವರು ನೀವು. ಹತ್ತು ಮಂದಿ ಹಟ ಹಿಡಿದರೆ ಮಾಲೀಕ ಹಾಕಿಸುತ್ತಾನೆ.