ಇಸವಿ ಬಿಡಿ, ಎಷ್ಟನೇ ಸೂಲು ಅಂತ ಕೇಳಿ

ಎಂಬತ್ತು ದಾಟಿದ ಅಜ್ಜಿ, ಹಸು, ಕೋಳಿ, ನಾಯಿಗಳ ನಡುವೆಯೇ ಕಳೆದ ಬದುಕು, ಕೇಳಿದರೆ ಒಂದು ಇಸವಿಯೂ ನೆನಪಿಲ್ಲ ಅಂತಾರೆ, ಅವರ ಜೀವನಚರಿತ್ರೆಯನ್ನು ಕ್ರಮವಾಗಿ ಬರೆಯುವುದು ಹೇಗೆ ಅಂತ ಕೇಳಿದ್ದೀರಿ. ನಾನೂ ಇಲ್ಲೇ ಸಿಕ್ಕಿಕೊಂಡಿದ್ದೆ. ಅವರಿಗೆ ನೆನಪಿಲ್ಲ ಅನ್ನುವುದನ್ನು ನಾನು ಒಪ್ಪಲ್ಲ. ನೀವು ಇಸವಿ ಕೇಳುತ್ತಿದ್ದೀರಿ, ಅವರು ಕಾಲವನ್ನು ದನಗಳ ಸೂಲಿನ (ಕರು ಹಾಕುವ ಸರದಿಯ) ಮೇಲೆ ಎಣಿಸಿದವರು.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ನಮ್ಮಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ಫ್ಯಾನ್ ಆರಿಸಿ, ಬಾಗಿಲು ಹಾಕಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದೆ. ಹಾಲು ಹಿಂಡುವ ಹೊತ್ತಾಯಿತು ಅಂತ ಅವಳು ಎದ್ದ ಕೂಡಲೇ ನಿಲ್ಲಿಸಿದೆ. ನಾಲ್ಕು ದಿನ, ನಾಲ್ಕೂ ಸಲ ಹೊಸ್ತಿಲಲ್ಲೇ ನಿಲ್ಲಿಸಿದೆ. ಸಗಣಿ ಬಾಚುವ ಸದ್ದು, ಚೆಂಬಿಗೆ ಹಾಲು ಬೀಳುವ ಸದ್ದು, ಇದರಲ್ಲಿ ಮಾತು ಕೇಳಿಸಲ್ಲ ಅಂದುಕೊಂಡಿದ್ದೆ. ಈಗ ನನ್ನ ಹತ್ತಿರ ಇರುವುದು ನೆಂಟರ ಹೆಸರುಗಳು ಮತ್ತು ‘ಹೂಂ, ಇರಬೌದು’ ಅನ್ನುವ ಉತ್ತರಗಳು. ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ಎರಡು ಸಲ ಲೊಚಗುಟ್ಟಿ, ಆಮೇಲೆ ಹೆಸರು ಎಳೆದು ಕರುವನ್ನು ಕೂಗುತ್ತಿದ್ದ ದನಿ ಇಲ್ಲ. ಕೈಗೆ ಕೆಲಸ ಸಿಕ್ಕಾಗಲೇ ಅವಳಿಗೆ ಮಾತು ಬರುತ್ತಿದ್ದುದು. ಕೆಚ್ಚಲು ತೊಳೆಯುತ್ತಾ ‘ಇದರ ಅಜ್ಜಿನೂ ಹಿಂಗೇ, ಎಡಗಡೆ ಕೂತ್ರೆ ಸೊರೆ ಬಿಡ್ತಿರಲಿಲ್ಲ’ (ಹಾಲು ಇಳಿಸುತ್ತಿರಲಿಲ್ಲ) ಅಂತ ಶುರು ಮಾಡಿದರೆ ಅಲ್ಲಿಂದ ಮೂವತ್ತು ವರ್ಷ ಹಿಂದಕ್ಕೆ ಹೋಗುತ್ತಿದ್ದಳು. ಬಾಗಿಲು ಹಾಕಿದ ಕೋಣೆಯಲ್ಲಿ ಆ ಮಾತು ಹುಟ್ಟಲೇ ಇಲ್ಲ. ಅವಳು ಹೋದ ಮೇಲೆ ಇದು ಗೊತ್ತಾಗಿ ಏನೂ ಮಾಡುವ ಹಾಗಿರಲಿಲ್ಲ.

ನೀವು ಹೀಗೆ ಮಾಡಿ. ದೊಡ್ಡ ಹಾಳೆಯಲ್ಲಿ ಅಜ್ಜಿಯ ವಂಶವೃಕ್ಷ ಬೇಡ, ಹಸುಗಳದ್ದು ಬರೆಯಿರಿ. ನೆನಪಿರುವ ಅತಿ ಹಳೆಯ ಹಸು ಮೇಲೆ, ಅದರ ಕರುಗಳು ಸೂಲಿನ ಕ್ರಮದಲ್ಲಿ ಕೆಳಗೆ. ನಾಟಿ ಕಡಸು (ಇನ್ನೂ ಕರು ಹಾಕದ ಹಸು) ಸಾಮಾನ್ಯವಾಗಿ ಮೂರೂವರೆ, ನಾಲ್ಕು ವರ್ಷಕ್ಕೆ ಮೊದಲ ಕರು ಹಾಕುತ್ತದೆ. ಮಿಶ್ರತಳಿಯಾದರೆ ಎರಡೂವರೆ, ಮೂರಕ್ಕೆ. ಗಬ್ಬ ಒಂಬತ್ತು ತಿಂಗಳ ಮೇಲೆ ಹತ್ತು ದಿನ, ಎಮ್ಮೆಗೆ ಹತ್ತು ತಿಂಗಳ ಮೇಲೆ. ಸೂಲಿನಿಂದ ಸೂಲಿಗೆ ಹದಿನಾಲ್ಕರಿಂದ ಹದಿನೆಂಟು ತಿಂಗಳು ಹಿಡಿಯಿರಿ. ಒಂದೇ ಒಂದು ಖಚಿತ ದಾಖಲೆ ಸಾಕು. ನಿಮ್ಮ ಅಪ್ಪ ಶಾಲೆಗೆ ಸೇರಿದ ವರ್ಷ ಕೆಂಪಿ ಹಸುವಿನ ಎರಡನೇ ಸೂಲು ಅಂತ ಅಜ್ಜಿ ಹೇಳಿ, ಶಾಲೆಯ ದಾಖಲೆಯಲ್ಲಿ 1974 ಇದ್ದರೆ, ಆ ಸೂಲಿನಲ್ಲಿ ಹುಟ್ಟಿದ ಕರು ಬೆಳ್ಳಿ ಮೊದಲು ಈದದ್ದು 1977-78. ಬಾವಿ ತೋಡಿಸಿದ್ದು ಬೆಳ್ಳಿಯ ಮೂರನೇ ಸೂಲಿನಲ್ಲಿ ಅಂದರೆ 1980ರ ಆಸುಪಾಸು. ಒಂದು ವರ್ಷ ಅತ್ತಿತ್ತ ಆಗಬಹುದು, ಬರೆಯುವಾಗ ‘ಸುಮಾರು’ ಅಂತಲೇ ಹಾಕಿ.

ಲೆಕ್ಕ ತಪ್ಪುವುದು ಹೆಚ್ಚಾಗಿ ಹೆಸರಿನಿಂದ. ಸತ್ತ ಹಸುವಿನ ಹೆಸರನ್ನೇ ಅದರ ಮೊಮ್ಮಗಳಾದ ಕರುವಿಗೆ ಇಟ್ಟಿರುತ್ತಾರೆ. ಒಂದೇ ಹೆಸರಿಗೆ ಹದಿನೈದು ಸೂಲು ಬಂದರೆ ಅಲ್ಲಿ ಎರಡು ಹಸು ಇವೆ ಅಂತ ತಿಳಿಯಿರಿ. ಕೊಂಬು ಹೇಗಿತ್ತು, ಯಾವ ಮೊಲೆ ಬತ್ತಿತ್ತು ಅಂತ ಕೇಳಿದರೆ ಬೇರೆಯಾಗುತ್ತವೆ. ಕಂದು ಹಾಕಿದ್ದು (ದಿನ ತುಂಬುವ ಮೊದಲೇ ಗಬ್ಬ ಹೋದದ್ದು), ಮಾರಿದ ಗಂಡು ಕರುಗಳು ಎಣಿಕೆಯಿಂದ ಬಿದ್ದುಹೋಗುತ್ತವೆ. ನಡುವೆ ಎರಡೂವರೆ ವರ್ಷದ ಖಾಲಿ ಕಂಡರೆ ಮೆಲ್ಲಗೆ ಕೇಳಿ. ಮಾರಿದ ಕರುವಿನ ಮಾತಿಗೆ ಅಜ್ಜಿ ಸುಮ್ಮನಾದರೆ ನೀವೂ ಸುಮ್ಮನಿರಿ, ಮುಂದಿನ ಪ್ರಶ್ನೆಗೆ ಹಾರಬೇಡಿ.

ನಾಯಿ, ಬೆಕ್ಕು, ಕೋಳಿ ಕಾಲಗಣನೆಗೆ ಅಷ್ಟು ಒದಗುವುದಿಲ್ಲ. ಅವುಗಳ ಬಗ್ಗೆ ಕೆಲಸದ ಪ್ರಶ್ನೆ ಕೇಳಿ: ಕಾವಿಗೆ ಎಷ್ಟು ಮೊಟ್ಟೆ ಇಡ್ತಿದ್ದಿರಿ, 21ನೇ ದಿನ ಒಡೆಯದ ಮೊಟ್ಟೆಯನ್ನು ಏನು ಮಾಡ್ತಿದ್ದಿರಿ? ‘ಪ್ರಾಣಿಗಳೆಂದರೆ ಯಾಕೆ ಪ್ರೀತಿ’ ಅಂತ ಮಾತ್ರ ಕೇಳಬೇಡಿ. ‘ಪಾಪ, ಮೂಕಪ್ರಾಣಿ’ ಅನ್ನುವುದಕ್ಕಿಂತ ಹೆಚ್ಚೇನೂ ಸಿಗಲ್ಲ.

ರೆಕಾರ್ಡ್ ಮಾಡುವಾಗ ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಕರೆ ಬಂದರೆ ರೆಕಾರ್ಡಿಂಗ್ ನಿಂತುಹೋಗಬಹುದು. ಜೇಬಿನಲ್ಲಿಟ್ಟರೆ ಬಟ್ಟೆಯ ಸರಸರ ಸದ್ದೇ ತುಂಬುತ್ತದೆ. ಅಜ್ಜಿಯಿಂದ ಒಂದು ಮಾರು ದೂರದೊಳಗೆ, ಹಸು ಒದೆಯದ ಕಡೆ ಇಡಿ. ಕೇಳಿಸದ ಮಾತನ್ನು ಅದೇ ರಾತ್ರಿ ಬರೆದಿಡಿ. ಫೈಲನ್ನು ಎರಡು ಬೇರೆ ಕಡೆ ನಕಲು ಮಾಡಿ, ಒಂದು ಬೇರೆ ಮನೆಯಲ್ಲಿರಲಿ.

ನಾಳೆ ಹಿಂಡುವ ಹೊತ್ತಿಗೆ ಹೋಗಿ. ಹೊಸ್ತಿಲು ದಾಟುವ ಮೊದಲೇ ಶುರು ಮಾಡಿ, ತಾರೀಕು ಬಾಯಿಬಿಟ್ಟು ಹೇಳಿ. ಅಜ್ಜಿ ಹಾಲಿನ ಚೆಂಬು ಒಳಗಿಟ್ಟು, ಕೈಕಾಲು ತೊಳೆದು ಬಂದು ಕೂರುವ ತನಕ ನಿಲ್ಲಿಸಬೇಡಿ.