ಹಳೇ ಬಟ್ಟೆ ಮೂಟೆ ಬೇಡ ಸರ್

ಹಾಸನದಿಂದ ಮೂಡಿಗೆರೆ ಕಡೆಯ ಕಾಳಜಿ ಕೇಂದ್ರಕ್ಕೆ (ಮಳೆ, ಗುಡ್ಡ ಕುಸಿತದಿಂದ ಮನೆ ಬಿಟ್ಟವರು ತಂಗುವ ಜಾಗ) ಹಳೇ ಬಟ್ಟೆ ಕಳಿಸಬಹುದಾ ಅಂತ ಕೇಳಿದ್ದೀರಿ. ನನ್ನ ಕೇಳಿದರೆ, ಬೇಡ. ಕೇಂದ್ರ ಅಂದರೆ ಹೆಚ್ಚಾಗಿ ಶಾಲೆ ಕೊಠಡಿ ಇಲ್ಲವೇ ಸಮುದಾಯ ಭವನ. ನಿರಾಶ್ರಿತರ ನೆರವಿನ ಅಂತರರಾಷ್ಟ್ರೀಯ ಮಾನದಂಡ 'ಸ್ಫಿಯರ್' ಪ್ರಕಾರ ಒಬ್ಬರಿಗೆ ಕನಿಷ್ಠ 3.5 ಚದರ ಮೀಟರ್ ಜಾಗ ಇರಬೇಕು. ಆ ಜಾಗವನ್ನೇ ಮೂಟೆಗಳು ತಿಂದುಹಾಕುತ್ತವೆ. ಮಲೆನಾಡಿನ ಮಳೆಗೆ ಬಟ್ಟೆ ಒಣಗೋದೂ ಇಲ್ಲ, ಮುಗ್ಗಲು ಹಿಡಿಯುತ್ತೆ. ವಿಂಗಡಿಸೋಕೆ ಯಾರಿಗೆ ಪುರುಸೊತ್ತಿದೆ?

ಮೊದಲು ತಾಲ್ಲೂಕು ಕಚೇರಿಗೆ ಫೋನ್ ಮಾಡಿ, ಏನು ಕಡಿಮೆ ಇದೆ ಕೇಳಿ. ಹೊಸ ಒಳ ಉಡುಪು, ಸ್ಯಾನಿಟರಿ ಪ್ಯಾಡು, ಕಂಬಳಿ, ಬಕೆಟ್, ಟಾರ್ಚು: ಇವು ಬೇಕಾ ಅಂತ ನೀವೇ ಕೇಳಿ, ಬಾಯಿಬಿಟ್ಟು ಕೇಳೋಕೆ ಹೆಣ್ಣುಮಕ್ಕಳು, ವಯಸ್ಸಾದವರು ಸಂಕೋಚಪಡ್ತಾರೆ.

ಸಾಧ್ಯವಾದರೆ ದುಡ್ಡೇ ಕೊಡಿ. ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮವೂ ಅಂಗಡಿ ನಡೀತಿರೋ ಕಡೆ ನಗದು ಕೊಡುತ್ತೆ. ಬೇಕಾದ್ದನ್ನು ಸಂತ್ರಸ್ತರೇ ಕೊಳ್ಳುತ್ತಾರೆ, ಊರಿನ ಅಂಗಡಿಗೂ ವ್ಯಾಪಾರ.

ಇನ್ನೊಂದು, ಎಲ್ಲವನ್ನೂ ಈ ವಾರವೇ ಕೊಟ್ಟು ಮುಗಿಸಬೇಡಿ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಕುಸಿದಾಗ ಮನೆಯ ಜೊತೆ ತೋಟ, ಗದ್ದೆಯೂ ಹೋದವು. ಕೇಂದ್ರ ಮುಚ್ಚಿದ ಮೇಲೆ ಬಾಡಿಗೆ, ಮಕ್ಕಳ ಪುಸ್ತಕ, ಪಹಣಿ-ಆಧಾರ್ ನಕಲಿಗೆ ಓಡಾಟ ಶುರು. ಅರ್ಧ ದುಡ್ಡು ಆಗಿನ ಖರ್ಚಿಗೆ ಎತ್ತಿಡಿ.