ಸುಮ್ಮನಿದ್ದರೂ ಗ್ರಾಫಿಕ್ಸ್ ಕಾರ್ಡಿಗೆ ಏಕಿಷ್ಟು ಕೆಲಸ?

ಪ್ರಶ್ನೆ: ನಮ್ಮ ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್ 11 ಇದೆ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದೆ. ಇತ್ತೀಚೆಗೆ ಯಾವ ಗೇಮ್ ತೆರೆಯದಿದ್ದಾಗಲೂ ಟಾಸ್ಕ್ ಮ್ಯಾನೇಜರ್ ಜಿಪಿಯು (ಗ್ರಾಫಿಕ್ಸ್ ಕಾರ್ಡಿನ ಮುಖ್ಯ ಚಿಪ್) ಬಳಕೆಯನ್ನು ಶೇ. 30ರಿಂದ 40ರಷ್ಟು ತೋರಿಸುತ್ತದೆ. ಕಾರ್ಡಿನ ಫ್ಯಾನ್ ಕೂಡ ಆಗಾಗ ಜೋರಾಗಿ ಸದ್ದು ಮಾಡುತ್ತದೆ. ಪಟ್ಟಿಯ ಮೇಲ್ಭಾಗದಲ್ಲಿ ‘ಡೆಸ್ಕ್‌ಟಾಪ್ ವಿಂಡೋ ಮ್ಯಾನೇಜರ್’ ಎಂಬ ಹೆಸರಿದೆ. ಇದು ವೈರಸ್ಸೇ? ವಿಂಡೋಸನ್ನು ಹೊಸದಾಗಿ ಹಾಕಿಸಬೇಕೇ?

ಉತ್ತರ: ಹೊಸದಾಗಿ ಹಾಕಿಸುವ ಯೋಚನೆ ಸದ್ಯಕ್ಕೆ ಬೇಡ. ಕಾರಣ ತಿಳಿಯದೆ ಹಾಗೆ ಮಾಡಿದರೆ, ಹಳೆಯ ಪ್ರೋಗ್ರಾಮ್‌ಗಳನ್ನು ಮತ್ತೆ ಹಾಕಿಕೊಂಡಾಗ ತೊಂದರೆಯೂ ಅವುಗಳೊಂದಿಗೇ ಹಿಂದಿರುಗಬಹುದು.

ಮೊದಲು ಆ ಶೇಕಡಾವಾರು ಸಂಖ್ಯೆಯನ್ನು ಸರಿಯಾಗಿ ಓದಬೇಕು. ಕಾರ್ಡು ಎಷ್ಟು ಹೊತ್ತು ಕೆಲಸದಲ್ಲಿ ತೊಡಗಿತ್ತು ಎಂಬುದನ್ನು ಅದು ಹೇಳುತ್ತದೆಯೇ ಹೊರತು ಎಷ್ಟು ಕೆಲಸ ಮಾಡಿತು ಎಂಬುದನ್ನಲ್ಲ. ಬಿಡುವಿದ್ದಾಗ ಕಾರ್ಡು ವಿದ್ಯುತ್ ಉಳಿಸಲು ತನ್ನ ಕ್ಲಾಕ್ ವೇಗವನ್ನು, ಅಂದರೆ ಕೆಲಸ ಮಾಡುವ ವೇಗವನ್ನು, ತಗ್ಗಿಸಿಕೊಳ್ಳುತ್ತದೆ. ಪೂರ್ಣ ವೇಗದಲ್ಲಿ ಶೇ. 5 ಎಂದು ಕಾಣುವ ಕೆಲಸವೇ, ವೇಗ ಆರನೇ ಒಂದು ಭಾಗಕ್ಕೆ ಇಳಿದಾಗ, ಹೆಚ್ಚುಕಡಿಮೆ ಶೇ. 30 ಎಂದು ಕಾಣುತ್ತದೆ. ಆದ್ದರಿಂದ ಬಳಕೆಯ ಜೊತೆಗೆ ಉಷ್ಣಾಂಶ ಮತ್ತು ಕ್ಲಾಕ್ ವೇಗ ಎರಡನ್ನೂ ಗಮನಿಸಿ. ಎರಡೂ ಕಡಿಮೆಯಿದ್ದರೆ ಆತಂಕಕ್ಕೆ ಕಾರಣವಿಲ್ಲ. ಆದರೆ ನಿಮ್ಮ ಫ್ಯಾನ್ ಸದ್ದು ಮಾಡುತ್ತಿರುವುದರಿಂದ ಈ ವಿವರಣೆಯೊಂದೇ ಸಾಲದು.

ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಜಿಪಿಯು ಆಯ್ದುಕೊಂಡರೆ ತ್ರೀಡಿ, ಕಾಪಿ, ವಿಡಿಯೊ ಡಿಕೋಡ್ (ವಿಡಿಯೊ ತೋರಿಸುವ ಕೆಲಸ), ವಿಡಿಯೊ ಎನ್‌ಕೋಡ್ (ವಿಡಿಯೊ ದಾಖಲಿಸುವ ಕೆಲಸ) ಎಂಬ ಬೇರೆ ಬೇರೆ ಗ್ರಾಫ್‌ಗಳು ಕಾಣುತ್ತವೆ. ಪಟ್ಟಿಯಲ್ಲಿ ನೀವು ನೋಡುವ ಸಂಖ್ಯೆ ಇವುಗಳ ಮೊತ್ತವಲ್ಲ, ಇವುಗಳಲ್ಲಿ ಅತಿ ಹೆಚ್ಚು ದುಡಿಯುತ್ತಿರುವ ಒಂದರದ್ದು. ಡಿಕೋಡ್ ಏರಿದ್ದರೆ ಎಲ್ಲೋ ಒಂದು ಟ್ಯಾಬಿನಲ್ಲಿ ವಿಡಿಯೊ ಓಡುತ್ತಿರುತ್ತದೆ. ನೀವು ಏನನ್ನೂ ರೆಕಾರ್ಡ್ ಮಾಡದಿದ್ದರೂ ಎನ್‌ಕೋಡ್ ಏರಿದ್ದರೆ, ಗೇಮ್‌ಗಳ ದೃಶ್ಯವನ್ನು ಹಿನ್ನೆಲೆಯಲ್ಲಿ ಸದಾ ದಾಖಲಿಸುವ ಸೌಲಭ್ಯ ಚಾಲೂ ಆಗಿರುವ ಸಂಭವವಿದೆ; ಅದನ್ನು ನಿಲ್ಲಿಸಿದರೆ ಸಾಕು.

ಡೆಸ್ಕ್‌ಟಾಪ್ ವಿಂಡೋ ಮ್ಯಾನೇಜರ್ ವಿಂಡೋಸಿನದೇ ಭಾಗ. ತೆರೆದಿರುವ ಎಲ್ಲ ಕಿಟಕಿಗಳನ್ನೂ ಜೋಡಿಸಿ ಪರದೆಯ ಮೇಲೆ ಒಂದೇ ಚಿತ್ರವಾಗಿ ತೋರಿಸುವುದು ಅದರ ಕೆಲಸವಾದ್ದರಿಂದ, ಪರದೆಯಲ್ಲಿ ಏನಾದರೂ ಚಲಿಸುತ್ತಿದ್ದರೆ ಅದಕ್ಕೆ ಬಿಡುವು ಸಿಗುವುದಿಲ್ಲ. ಹೀಗಾಗಿ ಪಟ್ಟಿಯಲ್ಲಿ ಅದರ ಹೆಸರಿದ್ದರೂ ನಿಜವಾದ ಕಾರಣ ಬಹಳ ಸಲ ಬೇರೆಲ್ಲೋ ಇರುತ್ತದೆ: ಚಲಿಸುವ ವಾಲ್‌ಪೇಪರ್, ಅನಿಮೇಷನ್ ತುಂಬಿದ ಜಾಹೀರಾತುಗಳಿರುವ ವೆಬ್ ಪುಟ, 144 ಹರ್ಟ್ಸ್ ಅಥವಾ ಅದಕ್ಕೂ ಹೆಚ್ಚಿನ ರಿಫ್ರೆಶ್ ರೇಟಿನ (ಸೆಕೆಂಡಿಗೆ ಅಷ್ಟು ಬಾರಿ ಚಿತ್ರ ಬದಲಿಸುವ) ಮಾನಿಟರ್, ಇಲ್ಲವೇ ಬೇರೆ ಬೇರೆ ರಿಫ್ರೆಶ್ ರೇಟಿನ ಎರಡು ಮಾನಿಟರ್‌ಗಳು. ಬ್ರೌಸರನ್ನು ಪೂರ್ತಿಯಾಗಿ ಮುಚ್ಚಿ, ಒಂದೆರಡು ನಿಮಿಷ ನೋಡಿ; ವ್ಯತ್ಯಾಸವಾಗದಿದ್ದರೆ ವಾಲ್‌ಪೇಪರ್ ಬದಲಿಸಿ; ಆಮೇಲೆ ಮಾನಿಟರನ್ನು 60 ಹರ್ಟ್ಸ್‌ಗೆ ಇಳಿಸಿ. ಮೂರನ್ನೂ ಒಟ್ಟಿಗೇ ಮಾಡಿದರೆ ಫ್ಯಾನ್ ಸುಮ್ಮನಾದರೂ ಕಾರಣ ಮಾತ್ರ ಗೊತ್ತಾಗುವುದಿಲ್ಲ. ಬ್ರೌಸರೇ ಕಾರಣವೆಂದು ಕಂಡುಬಂದರೆ, ಕ್ರೋಮ್‌ನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ತೆರೆಯುವ ಅದರದೇ ಟಾಸ್ಕ್ ಮ್ಯಾನೇಜರ್ ಯಾವ ಟ್ಯಾಬ್ ಅಥವಾ ಎಕ್ಸ್‌ಟೆನ್ಷನ್ ಹೆಚ್ಚು ದುಡಿಸುತ್ತಿದೆ ಎಂಬುದರ ಸುಳಿವು ಕೊಡುತ್ತದೆ. ಬ್ರೌಸರಿನ ಹಾರ್ಡ್‌ವೇರ್ ಆಕ್ಸಿಲರೇಷನ್ (ಚಿತ್ರ ಬಿಡಿಸುವ ಕೆಲಸವನ್ನು ಗ್ರಾಫಿಕ್ಸ್ ಕಾರ್ಡಿಗೆ ವಹಿಸುವ ಸೌಲಭ್ಯ) ಆಫ್ ಮಾಡುವ ಸಲಹೆಯನ್ನು ಹಲವರು ಕೊಡುತ್ತಾರೆ. ಅದರಿಂದ ಭಾರ ಇಳಿಯುವುದಿಲ್ಲ, ಪ್ರೊಸೆಸರಿನ ಹೆಗಲಿಗೆ ಹೋಗುತ್ತದೆ ಅಷ್ಟೇ.

ವೈರಸ್ ಇರಬಹುದೆಂಬ ನಿಮ್ಮ ಅನುಮಾನವನ್ನೂ ತಳ್ಳಿಹಾಕುವಂತಿಲ್ಲ. ಪಟ್ಟಿಯಲ್ಲಿ ಡೆಸ್ಕ್‌ಟಾಪ್ ವಿಂಡೋ ಮ್ಯಾನೇಜರ್ ಹೆಸರಿನ ಮೇಲೆ ಮೌಸಿನ ಬಲ ಗುಂಡಿ ಒತ್ತಿ ಫೈಲ್ ಇರುವ ಸ್ಥಳವನ್ನು ತೆರೆಯಿರಿ. ಅದು ವಿಂಡೋಸ್ ಫೋಲ್ಡರಿನೊಳಗಿನ ಸಿಸ್ಟಮ್32ರಲ್ಲೇ ಇರಬೇಕು. ಬೇರೆಲ್ಲಾದರೂ ಇದ್ದರೆ ಅದು ವೇಷಧಾರಿ. ಕ್ರಿಪ್ಟೊಕರೆನ್ಸಿ ಮೈನಿಂಗ್ ಮಾಡುವ ಕೆಲವು ಕುತಂತ್ರಾಂಶಗಳು ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ಕೆಲಸ ನಿಲ್ಲಿಸಿ, ಮುಚ್ಚಿದ ಮೇಲೆ ಮತ್ತೆ ಆರಂಭಿಸುತ್ತವೆ. ನೀವು ಅದನ್ನು ತೆರೆದಾಗಲೆಲ್ಲ ಫ್ಯಾನಿನ ಸದ್ದು ತಗ್ಗುವುದಾದರೆ, ವಿಂಡೋಸಿನದೇ ಆಂಟಿವೈರಸ್ ಆದ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ನಡೆಸಿ. ಮೈನಿಂಗಿನ ಕೆಲಸ ತ್ರೀಡಿ ಗ್ರಾಫಿನಲ್ಲಿ ಕಾಣದೇ ಹೋಗಬಹುದು; ಗ್ರಾಫಿನ ಹೆಸರಿನ ಮೇಲೆ ಕ್ಲಿಕ್ ಮಾಡಿ, ಕಂಪ್ಯೂಟ್ ಅಥವಾ ಕುಡಾ ಎಂಬುದಿದ್ದರೆ ಅದನ್ನು ಆಯ್ದುಕೊಂಡು ನೋಡಿ.

ಡ್ರೈವರ್ ಅಪ್‌ಡೇಟ್ ಆದ ನಂತರವೇ ಇದು ಶುರುವಾಗಿದ್ದರೆ, ಡಿವೈಸ್ ಮ್ಯಾನೇಜರಿನಿಂದ ಹಿಂದಿನ ಆವೃತ್ತಿಗೆ ಮರಳಿ. ವೇಗ ಹೆಚ್ಚಿಸುತ್ತೇವೆಂದು ಆಸೆ ತೋರಿಸುವ ‘ಬೂಸ್ಟರ್’ ತಂತ್ರಾಂಶಗಳನ್ನು ಮಾತ್ರ ಹಾಕಿಕೊಳ್ಳಬೇಡಿ. ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್‌ಗಳಿಗೆ ಇನ್ನೊಂದು ಸೇರುತ್ತದೆ, ಅಷ್ಟೇ.

ಪ್ರಶ್ನೆ: ಗೇಮಿನ ಮೆನು ಪರದೆಯಲ್ಲಿ ಸುಮ್ಮನೆ ನಿಂತಿದ್ದರೂ ಬಳಕೆ ಶೇ. 99 ತಲುಪುತ್ತದೆ. ಕಾರ್ಡ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ಮೆನುವಿನ ಚಿತ್ರ ಸರಳವಾಗಿದ್ದರೂ, ಮಿತಿ ಹಾಕದಿದ್ದರೆ ಕಾರ್ಡು ಅದನ್ನೇ ಸೆಕೆಂಡಿಗೆ ನೂರಾರು ಬಾರಿ ಬಿಡಿಸುತ್ತಿರುತ್ತದೆ. ಗೇಮಿನ ಸೆಟ್ಟಿಂಗ್ಸ್‌ನಲ್ಲಿ ವಿ-ಸಿಂಕ್ (ಚಿತ್ರ ಬಿಡಿಸುವ ವೇಗವನ್ನು ಮಾನಿಟರಿಗೆ ಹೊಂದಿಸುವ ಸೌಲಭ್ಯ) ಆನ್ ಮಾಡಿ, ಇಲ್ಲವೇ ಫ್ರೇಮ್ ರೇಟಿನ (ಸೆಕೆಂಡಿಗೆ ಬಿಡಿಸುವ ಚಿತ್ರಗಳ ಸಂಖ್ಯೆಯ) ಮಿತಿಯನ್ನು ಮಾನಿಟರಿನ ರಿಫ್ರೆಶ್ ರೇಟಿಗೆ ಸಮನಾಗಿಡಿ.